ಗಾರ್ಡ್ ಮೇಡಂಗೆ ಹಾಕಿದ ಕುರ್ಚಿ

2022ರಲ್ಲಿ ನಾನು ಹಳಿಯಾಳ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ಅಂದರೆ ಮನೋರೋಗ ವೈದ್ಯರು ಔಷಧ ಬರೆದುಕೊಟ್ಟ ಮೇಲೆ, ಆ ರೋಗಿಗೆ ಮನೆಯಲ್ಲಿ, ಕೆಲಸದಲ್ಲಿ, ಓಣಿಯಲ್ಲಿ ಏನಾಗಿದೆ ಎಂದು ಕೂತು ಕೇಳುವವನು. ಇಂಜೆಕ್ಷನ್ ಕೊಡುವ ಅಧಿಕಾರ ನನಗಿರಲಿಲ್ಲ. ಹಾಗಾಗಿ ಜನ ನನ್ನನ್ನು ಪೂರ್ತಿ ಡಾಕ್ಟರ್ ಎಂದು ಒಪ್ಪದೆ, ಪೂರ್ತಿ ಬಿಡಲೂ ಆಗದೆ, ‘ಮಾತಿನ ಡಾಕ್ಟರ್’ ಎಂದು ಕರೆದು ಒಂದು ರಾಜಿ ಮಾಡಿಕೊಂಡಿದ್ದರು. ಎರಡು ದಿನ ಹಳಿಯಾಳ, ಒಂದು ದಿನ ದಾಂಡೇಲಿ, ಒಂದು ದಿನ ಜೋಯಿಡಾ, ಒಂದು ದಿನ ಮುಂಡಗೋಡ. ನಾಲ್ಕೂ ತಾಲೂಕುಗಳ ಮಾನಸಿಕ ನೆಮ್ಮದಿ ಒಂದು ಹಳೆಯ ಬೊಲೆರೋ ಮೇಲೆ ನಿಂತಿತ್ತು. ಬೊಲೆರೋದ ನೆಮ್ಮದಿ ದೇವರ ಮೇಲೆ ನಿಂತಿತ್ತು.

ಇಲ್ಲಿ ಹೇಳಲಿರುವ ಪ್ರಕರಣದಲ್ಲಿ ಹೆಸರುಗಳನ್ನೂ ಊರಿನ ಗುರುತನ್ನೂ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದೇ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಬ್ಬ ವಲಯ ಅರಣ್ಯಾಧಿಕಾರಿ, ಜನರ ಬಾಯಲ್ಲಿ ಆರ್‌ಎಫ್‌ಒ, ಆಸ್ಪತ್ರೆಗೆ ಬಂದರು. ವಿಜಯಪುರದ ಕಡೆಯವರು, ನೇರ ಮನುಷ್ಯ. ಬಾಗಿಲಲ್ಲೇ ನಿಂತು ಮಾತು ಶುರು ಮಾಡಿದರು.

“ಸರ, ನಮ್ಮ ರೇಂಜಿನ್ಯಾಗ ಒಬ್ಬಾಕಿ ಗಾರ್ಡ್ ಅದಾಳ. ಚಲೋ ಹುಡುಗಿ. ಈಗ ನೌಕರಿನ ಬಿಡ್ತೇನಿ ಅನ್ನಾಕತ್ತಾಳ. ತಲಿ ಕೆಟ್ಟೈತೋ, ಮನಸ್ಸು ಕೆಟ್ಟೈತೋ, ಒಂದೀಟು ನೋಡಿ ಹೇಳ್ರಿ.”

“ಎರಡಕ್ಕೂ ಏನ್ ಫರಕ್ ಐತ್ರಿ ಸಾಹೇಬರ?”

“ತಲಿ ಕೆಟ್ಟಿದ್ರ ರಜಾ ಕೊಡ್ತೇನಿ. ಮನಸ್ಸು ಕೆಟ್ಟಿದ್ರ ಮುಂಡಗೋಡಕ್ಕ ಟ್ರಾನ್ಸ್‌ಫರ್ ಮಾಡಸ್ತೇನಿ.”

ಈ ವರ್ಗೀಕರಣ ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಆದರೆ ಆಡಳಿತ ನಡೆಸಲು ಸಾಕಾಗುವಷ್ಟು ಸ್ಪಷ್ಟವಾಗಿತ್ತು. ಸದ್ಯಕ್ಕೆ ಅವಳಿಗೆ ರಜೆ ಕೊಟ್ಟಿದ್ದಾರೆಂದೂ, ವರ್ಷ ಮುಗಿಯುವುದರೊಳಗೆ ಅವಳು ‘ಇರ್ತೇನಿ’ ಅಥವಾ ‘ಬಿಡ್ತೇನಿ’ ಎಂದು ಹೇಳಬೇಕೆಂದೂ ತಿಳಿಸಿ ಹೋದರು. ಹೋಗುವಾಗ ತಿರುಗಿ ನಿಂತು, “ಬಿಡಾಕ ಬಿಡಬ್ಯಾಡ್ರಿ. ಅವರ ಓಣ್ಯಾಗ ಖಾಕಿ ಹಾಕ್ಕೊಂಡ ಮೊದಲನೇ ಹೆಣ್ಮಗಳು ಆಕಿ,” ಅಂದರು.

ಆ ಗಾರ್ಡ್, ರೆಜಿನಾ, ಮರುವಾರ ಬಂದಳು. ಮೂವತ್ತರ ಒಳಗಿನ ವಯಸ್ಸು. ಸಿದ್ದಿ ಜನಾಂಗದವಳು, ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನ ಅಂಚಿನಲ್ಲಿ ನೆಲೆ ನಿಂತವರ ಪೈಕಿ. ಅವರಲ್ಲಿ ಕ್ರಿಶ್ಚಿಯನ್ನರಿದ್ದಾರೆ, ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಅವಳ ಮನೆಯವರು ಕ್ರಿಶ್ಚಿಯನ್ನರು. ತಂದೆ ಬೇಗ ತೀರಿಕೊಂಡದ್ದರಿಂದ ಅವಳನ್ನೂ ಅವಳ ತಾಯಿಯನ್ನೂ ನೋಡಿಕೊಂಡವಳು ತಂದೆಯ ತಂಗಿ, ಅಂದರೆ ಅತ್ತೆ. ಆಕೆ ಮದುವೆಯಾಗಿದ್ದು ಅದೇ ಓಣಿಯ ಹಿಂದೂ ಸಿದ್ದಿ ಮನೆಗೆ.

ಲಕ್ಷಣಗಳನ್ನು ಅವಳು ರೇಂಜ್ ಆಫೀಸಿಗೆ ವರದಿ ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿದಳು. ನಿದ್ದೆ ಇಲ್ಲ, ಹಸಿವಿಲ್ಲ, ಎದೆ ಡವಡವ. ಯೂನಿಫಾರ್ಮ್ ಹಾಕಿಕೊಳ್ಳಲು ಕೈ ಬರುವುದಿಲ್ಲ, ತೆಗೆಯಲೂ ಕೈ ಬರುವುದಿಲ್ಲ. ನಾನು ಮಾತು ಹಗುರ ಮಾಡಲು, ಆಟಪಾಟದಲ್ಲಿ ಆಸಕ್ತಿ ಇದೆಯೇ, ಓಟ ಗೀಟ ಅಭ್ಯಾಸವಿದೆಯೇ ಎಂದು ಕೇಳಿದೆ. ಅವಳ ಮುಖದಲ್ಲಿ ಅಂದು ಮೊದಲ ಬಾರಿ ಜೀವ ಬಂತು. ಸಿಟ್ಟಿನ ಜೀವ.

“ನೀವೂ ಅದನ್ನ ಕೇಳಿದ್ರೆಲ್ಲ ಸರ! ಸಿದ್ದಿ ಅಂದ ಕೂಡ್ಲೆ ಓಡ್ತಾಳ ಅಂತ ತಿಳ್ಕೋತಾರ. ಇಲಾಖೆ ಸ್ಪೋರ್ಟ್ಸಿನ್ಯಾಗ ಕೇಳದ ಕೇಳದ ನನ್ನ ನೂರು ಮೀಟರಿಗೆ ಹಾಕಿದ್ರು. ಎಲ್ಲಾರಕಿಂತ ಹಿಂದ ಬಂದ್ನಿ. ಭರ್ತಿ ಹೊತ್ತಿನ್ಯಾಗ ಓಟ ಪಾಸಾಗಿದ್ದು ದೇವರ ಕೆಲಸ. ನಡಿ ಅಂದ್ರ ಸಂಜಿತನಕ ನಡೀತೇನಿ. ಓಡು ಅನಬ್ಯಾಡ್ರಿ.”

ನಾನು ಸರ್ಕಾರದ ಪರವಾಗಿ ಕ್ಷಮೆ ಕೇಳಿದೆ. ಅವಳು ನಕ್ಕಳು. ಆಮೇಲೆ ನಿಜವಾದ ಕಥೆ ಹೊರಬಂತು.

ಅವಳು ಇದ್ದದ್ದು ಇಲಾಖೆಯ ಕ್ವಾರ್ಟರ್ಸ್‌ನಲ್ಲಾದರೂ, ಅವಳ ಬೀಟು ತನ್ನ ಊರಿನ ಮಗ್ಗುಲಿಗೇ ಇತ್ತು. ಬೀಟು ಅಂದರೆ ಒಬ್ಬ ಗಾರ್ಡ್ ಕಾಯಬೇಕಾದ ಕಾಡಿನ ತುಂಡು. ಮಳೆಗಾಲದ ಕೊನೆಯಲ್ಲಿ ಗಸ್ತು ಹೊಡೆಯುವಾಗ ಸಾಗವಾನಿಯ ಎರಡು ತುಂಡು ಹೊತ್ತು ಬರುತ್ತಿದ್ದ ಒಬ್ಬ ಮನುಷ್ಯ ಎದುರಾದ. ಮನೆಯ ಮಾಡು ಕುಸಿದಿತ್ತು, ಅದಕ್ಕೆ ಬೇಕಾಗಿತ್ತು. ಹೊತ್ತಿದ್ದವನು ಪರಶುರಾಮ, ಅತ್ತೆಯ ಗಂಡ, ಅವಳ ಮಾವ. ರೆಜಿನಾಳ ಜೊತೆಗೆ ಅವಳ ಕೈಕೆಳಗಿನ ಇಬ್ಬರು ವಾಚರ್‌ಗಳಿದ್ದರು. ರೆಜಿನಾ ಮಾವನನ್ನು ಹಿಡಿದಳು, ಮರ ಜಪ್ತಿ ಮಾಡಿದಳು, ತಾನೇ ಕೇಸು ಬರೆದಳು. ಮಾವ ತಾನೇ ಜೀಪಿನ ಕಡೆ ನಡೆದನಂತೆ. “ಜೀಪ್ ಹತ್ತೂವಾಗ ‘ಛತ್ರಿ ತರಬೇಕಿತ್ತು’ ಅಂದ್ರ್ರೀ, ಅಷ್ಟs.”

ಅಲ್ಲಿಂದ ಮುಂದೆ ಅವಳು ಎರಡೂ ಕಡೆಯಿಂದ ಜಾರಿದಳು. ಇಲಾಖೆಯಲ್ಲಿ ಕೆಲವರು ‘ಸ್ವಂತ ಮಾವನ್ನೂ ಬಿಡಲಿಲ್ಲ’ ಎಂದು ಹೊಗಳಿದರು. ಅದೇ ಬಾಯಿ ಒಂದು ವಾರದ ನಂತರ, ಇನ್ನೊಂದು ದಾಳಿಯಲ್ಲಿ ಯಾರೂ ಸಿಗದಿದ್ದಾಗ, ‘ಅವರ ಮಂದೀನs ಅಲ್ಲೇನ, ಮೊದಲs ಸುದ್ದಿ ಮುಟ್ಟಿರ್ತೈತಿ’ ಅಂದಿತು. ಇವಳ ಕಿವಿಗೂ ಬಿತ್ತು. ಊರಿನಲ್ಲಿ ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವಳು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ.

ಊರಿನವರು ಮಾಡಿದ್ದು ಬೇರೆ. ನವರಾತ್ರಿಯ ದಿನಗಳಲ್ಲಿ ಆ ಓಣಿಯಲ್ಲಿ ಹಿರಿಯರ ಪೂಜೆ ನಡೆಯುತ್ತದೆ. ಸತ್ತು ಹೋದ ಹಿರಿಯರಿಗೆ ಎಡೆ ಇಟ್ಟು, ಎಲ್ಲರೂ ಕೂಡಿ ಉಣ್ಣುವುದು. ಶಿಲುಬೆ ಇರುವ ಮನೆಯವರೂ ಬರುತ್ತಾರೆ, ನಮಾಜು ಮಾಡುವ ಮನೆಯವರೂ ಬರುತ್ತಾರೆ. ಹಿರಿಯರು ಎಲ್ಲರಿಗೂ ಒಂದೇ. ರೆಜಿನಾ ಪ್ರತಿ ವರ್ಷ ಅಲ್ಲಿ ಕೊಬ್ಬರಿ ತುರಿದವಳು, ಪಾತ್ರೆ ತಿಕ್ಕಿದವಳು, ಅತ್ತೆಯಿಂದ ಬೈಸಿಕೊಂಡವಳು. ಆ ವರ್ಷ ಹೋದಾಗ ಅಂಗಳದಲ್ಲಿ ಎಲ್ಲರೂ ನೆಲದ ಮೇಲೆ ಕೂತಿದ್ದರು. ಯಾರೋ ಓಡಿಹೋಗಿ ಶಾಲೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. “ಬರ್ರಿ ಮೇಡಂ, ಕುಂದರ್ರಿ,” ಅಂದರು. ಕಪ್-ಬಸಿಯಲ್ಲಿ ಚಹಾ ಕೊಟ್ಟರು. ಅತ್ತೆ ಒಳಗಿನಿಂದ ಹೊರಗೆ ಬರಲಿಲ್ಲ. ಇವಳು ಕುರ್ಚಿಯ ಮೇಲೆ ಕೂತು, ಚಹಾ ಕುಡಿದು, ಊಟ ಮಾಡದೆ ಎದ್ದು ಬಂದಳು.

“ಬೈದಿದ್ರ ತಡಕೋತಿದ್ನಿರಿ,” ಎಂದಳು. “ರೀ ಹಚ್ಚಿ ಮಾತಾಡಿಸಿದ್ರು ಸರ. ನಮ್ಮ ಮನಿ ಅಂಗಳದಾಗ ನನ್ನ ರೀ ಅಂದ್ರು.”

ವೈದ್ಯರು ಇದನ್ನು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಎಂದು ಗುರುತಿಸಿದರು. ಬದುಕಿನಲ್ಲಿ ಒಂದು ದೊಡ್ಡ ಏಟು ಬಿದ್ದಾಗ ಮನಸ್ಸು ಅದಕ್ಕೆ ಹೊಂದಿಕೊಳ್ಳಲಾರದೆ ಒದ್ದಾಡುವ ಸ್ಥಿತಿ. ನಿದ್ದೆಗೆ ಕೆಲವು ದಿನದ ಮಾತ್ರೆ ಬರೆದು, ಮಿಕ್ಕದ್ದನ್ನು ನನಗೆ ಒಪ್ಪಿಸಿದರು.

ನಮ್ಮ ಕೆಲಸದಲ್ಲಿ ಒಂದು ಹಳೆಯ ಪ್ರಶ್ನೆ ಇದೆ. ‘ನೀವು ಯಾರು?’ ಎಂದು ಕೇಳಿ, ಬಂದಷ್ಟು ಉತ್ತರ ಹೇಳಲು ಬಿಡುವುದು. ತಾಯಿ, ಟೇಲರ್, ದಾಂಡೇಲಿಯವಳು, ಭಜನಾ ಮಂಡಳಿಯವಳು ಹೀಗೆ. ಸಾಮಾನ್ಯ ಮನುಷ್ಯ ಆರೇಳು ಹೇಳುತ್ತಾನೆ. ತಾಲೂಕು ಪಂಚಾಯಿತಿಯ ಒಬ್ಬ ಮಾಜಿ ಸದಸ್ಯರು ಊಟದ ಹೊತ್ತಾದರೂ ನಿಲ್ಲಿಸಿರಲಿಲ್ಲ. ರೆಜಿನಾ ಎರಡು ಹೇಳಿದಳು: ಸಿದ್ದಿ, ಗಾರ್ಡ್. ಅಲ್ಲಿಗೆ ನಿಂತಳು.

ಓದಿನಲ್ಲಿ ನಾವು ಕಲಿತದ್ದು ಇಷ್ಟು: ಒಬ್ಬ ಮನುಷ್ಯನಿಗೆ ನಾಲ್ಕಾರು ಗುಂಪುಗಳಲ್ಲಿ ‘ಇವ ನಮ್ಮವ’ ಅನ್ನಿಸಿಕೊಳ್ಳುವ ಜಾಗವಿದ್ದರೆ, ಒಂದು ಕಡೆ ಏಟು ಬಿದ್ದಾಗ ಉಳಿದ ಕಡೆಯವು ಅವನನ್ನು ಎತ್ತಿ ಹಿಡಿಯುತ್ತವೆ. ಆದರೆ ಆ ಗುರುತುಗಳೇ ಒಂದರ ಕುತ್ತಿಗೆ ಒಂದು ಹಿಡಿದರೆ ಲಾಭದ ಬದಲು ನಷ್ಟ. ರೆಜಿನಾಳ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಅವಳಿಗೆ ಎರಡು ಗುರುತುಗಳಿದ್ದವು, ಆದರೆ ಎರಡೂ ತಪ್ಪು ವಿಳಾಸಕ್ಕೆ ಹೋಗಿ ಕೂತಿದ್ದವು. ಇಲಾಖೆಯಲ್ಲಿ ಅವಳು ಬರೀ ಸಿದ್ದಿ. ಊರಿನಲ್ಲಿ ಬರೀ ಇಲಾಖೆ.

“ಟ್ರಾನ್ಸ್‌ಫರ್ ತಗೊಂಡ್ರ?” ಎಂದು ಕೇಳಿದೆ.

“ಮುಂಡಗೋಡದಾಗ ಗಾರ್ಡ್ ಆಗಿರ್ತೇನಿ. ಆಮ್ಯಾಲೆ?”

“ನೌಕರಿ ಬಿಟ್ರ?”

“ಊರಾಗ ರೆಜಿನಾ ಆಗಿರ್ತೇನಿ, ನೌಕರಿ ಬಿಟ್ಟ ರೆಜಿನಾ. ಅವ್ವನ ಔಷಧಕ್ಕ ಯಾರು ಮಾಡ್ತಾರ? ಮತ್ತ ಸರ…” ಎಂದು ತಡೆದಳು. “ಈ ಅಂಗಿ ಹಾಕ್ಕೊಳ್ಳಾಕ ನಾ ಏನೇನ್ ಮಾಡೇನಿ ಅಂತ ನಿಮಗ ಗೊತ್ತಿಲ್ಲ.”

ಎರಡರಲ್ಲಿ ಒಂದನ್ನು ಆರಿಸುವುದು ಮದ್ದಲ್ಲ ಎಂದು ಅವಳೇ ಹೇಳಿದ ಹಾಗಾಯಿತು. ಹಾಗಾದರೆ ಮೂರನೆಯದನ್ನು ಹುಡುಕಬೇಕು. ಸಿದ್ದಿಯೂ ಅಲ್ಲ, ಗಾರ್ಡೂ ಅಲ್ಲ ಅನ್ನುವ ಹಾಗೆ ಅವಳು ಎಲ್ಲಿ ಇರುತ್ತಿದ್ದಳು ಎಂದು ಕೆದಕಿದೆ. ಬಹಳ ಹೊತ್ತಿನ ಮೇಲೆ, ನೌಕರಿ ಸೇರುವ ಮೊದಲು ದಾಂಡೇಲಿಯ ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತಿದ್ದೆ, ಕೆಳಗಿನ ಸ್ವರ ನನ್ನದು, ಅಂದಳು. ಗಾರ್ಡ್ ಆದ ಮೇಲೆ ಭಾನುವಾರವೇ ಕೆಲಸ ಹೆಚ್ಚು. ಗಣೇಶಗುಡಿಗೆ ರಾಫ್ಟಿಂಗ್‌ಗೆ ಬಂದವರೆಲ್ಲ ಕಾಡಿನೊಳಗೇ ನುಗ್ಗಲು ನೋಡುತ್ತಾರೆ. ಹಾಡು ನಿಂತಿತ್ತು. ಈಗ ರಜೆಯಿದೆ, ಕ್ರಿಸ್‌ಮಸ್ ಹತ್ತಿರ ಬಂದಿದೆ, ಹೋಗಿ ಬಾ ಎಂದೆ. ಇದನ್ನು ನಾನು ಔಷಧದ ಚೀಟಿ ಕೊಡುವಷ್ಟು ಗಂಭೀರವಾಗಿ, ‘ವಾರಕ್ಕೆರಡು ಸಲ, ಊಟದ ಮುಂಚೆ’ ಎಂದೇ ಹೇಳಿದೆ.

ಮುಂದಿನ ಭೇಟಿಯಲ್ಲಿ ಅವಳ ಕಣ್ಣು ಸ್ವಲ್ಪ ತಿಳಿಯಾಗಿತ್ತು. ಕ್ವಾಯರ್ ನಡೆಸುವ ಗ್ರೇಸಿ ಟೀಚರ್, ನಿವೃತ್ತ ಶಿಕ್ಷಕಿ, ಇವಳನ್ನು ನೋಡಿ ಎಲ್ಲಿದ್ದೆ ಏನು ಎಂದು ಕೇಳಲಿಲ್ಲವಂತೆ. ಎರಡನೇ ಸಾಲಿಗೆ ನಿಲ್ಲಿಸಿ, ಎರಡು ಚರಣ ಆಗುವಷ್ಟರಲ್ಲಿ ಎಲ್ಲರನ್ನೂ ನಿಲ್ಲಿಸಿದರಂತೆ.

“‘ರೆಜಿನಾ, ನೀ ಹಾಡಾಕತ್ತಿದ್ಯೋ, ದನಾ ಕರಿಯಾಕತ್ತಿದ್ಯೋ?’ ಅಂದ್ರ್ರಿ! ಎಲ್ಲಾರ ಮುಂದ!”

“ಆಮ್ಯಾಲೆ?”

“ಆಮ್ಯಾಲೆ ನಕ್ಕೋತ ಹಾಡಿದ್ನಿ. ಅವತ್ತ ರಾತ್ರಿ ನಿದ್ದಿ ಬಂತ್ರಿ ಸರ.”

ನಾನು ಬಹಳ ಜನರಿಗೆ ಸಮಾಧಾನದ ಮಾತು ಹೇಳಿ ನಿದ್ದೆ ಬರಿಸಲು ನೋಡಿದವನು. ಗ್ರೇಸಿ ಟೀಚರ್ ಒಂದೇ ವಾಕ್ಯದಲ್ಲಿ ಮಾಡಿ ಮುಗಿಸಿದ್ದರು. ವೃತ್ತಿಯ ಗೌರವಕ್ಕಾಗಿ ನಾನು ಅದನ್ನು ‘ಥೆರಪಿಗೆ ಉತ್ತಮ ಪ್ರತಿಕ್ರಿಯೆ’ ಎಂದು ನಮೂದಿಸಿಕೊಂಡೆ.

ಆದರೆ ಊರು ಹಾಗೇ ಇತ್ತು. ಇಷ್ಟರಲ್ಲಿ, ಬಿಪಿ ಮಾತ್ರೆ ಕೊಡುವ ದಿನ, ನನ್ನ ಕೋಣೆಯ ಬಾಗಿಲಲ್ಲಿ ಐವತ್ತು ದಾಟಿದ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಮಾತ್ರೆಯ ಪೊಟ್ಟಣ.

“ಮಾತಿನ ಡಾಕ್ಟರ್ ನೀವs ಏನ್ರಿ? ನಮ್ಮ ಪೋರಿ ನಿಮ್ಮ ಕಡೆ ಬರ್ತಾಳಂತ. ರೆಜಿನಾ. ನಾ ಆಕಿ ಅತ್ತಿ.”

ರೋಗಿಯ ವಿಷಯ ಬೇರೆಯವರಿಗೆ ಹೇಳುವಂತಿಲ್ಲ. ನನ್ನ ಹತ್ತಿರ ಯಾರು ಬರುತ್ತಾರೆ ಎಂಬುದನ್ನೂ ಹೇಳುವಂತಿಲ್ಲ. ಅದನ್ನು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, “ಹೇಳಬ್ಯಾಡ್ರಿ. ನಾ ಹೇಳ್ತೇನಿ,” ಎಂದು ಕೂತಳು. ಕೇಳಬಾರದು ಎಂದು ಯಾವ ನಿಯಮವೂ ಇರಲಿಲ್ಲ.

“ಮಾವನ್ನ ಹಿಡದ್ಲು. ಹಿಡೀಲಿ. ಹಿಡಿಯೂದು ಆಕಿ ಕೆಲಸ. ನಾನs ಓದಿಸೇನಿ, ನಾನs ಆ ನೌಕರಿಗೆ ಕಳಿಸೇನಿ. ಇವ್ರಿಗೂ ಬುದ್ಧಿ ಇಲ್ಲ. ಅರ್ಜಿ ಕೊಟ್ಟು ತಗೋಬೇಕಿತ್ತು ಮರ. ನನಗ ಆಕಿ ಮ್ಯಾಲೆ ಅದರ ಸಿಟ್ಟಿಲ್ಲ.”

“ಮತ್ತ?”

“ಅವತ್ತ ಸಂಜಿಕ ನಾ ಒಬ್ಬಾಕೀನ ಕುಂತು ಅತ್ತೇನ್ರಿ. ಗಂಡನ್ನ ಜೀಪಿನ್ಯಾಗ ಒಯ್ದಾರ. ಮನ್ಯಾಗ ಯಾರೂ ಇಲ್ಲ. ನಮ್ಮ ಅಣ್ಣನ ಮಗಳು ಬರ್ತಾಳಂತ ಬಾಗಲಾ ಹಾಕಲಿಲ್ಲ ನಾ. ಬಂದು ಮಗ್ಗಲಕ್ಕ ಕುಂತು ‘ಅಳಬ್ಯಾಡ ಅತ್ತಿ’ ಅನಬೇಕಿತ್ತೋ ಇಲ್ಲೋ? ಹಿಡದಾಕಿ ಗಾರ್ಡ್. ಆಕಿ ಹಿಡದು ಹೋದ್ಲು. ನಮ್ಮ ಹುಡುಗಿ ಎಲ್ಲಿ ಹೋದ್ಲು? ಒಂದ್ ತಿಂಗಳಾದ ಮ್ಯಾಲೆ ಹಿರಿಯರ ಪೂಜಿಗೆ ಬಂದ್ಲು, ಬಾಗಲದಾಗ ನಿಂತ್ಲು ಸಾಹೇಬರು ನಿಂತಂಗ. ಓಣಿ ಮಂದಿ ಕುರ್ಚಿ ಹಾಕಿದ್ರು. ಸಾಹೇಬರು ಬಂದ್ರ ಕುರ್ಚಿ ಹಾಕೂದಿಲ್ಲೇನ್ರಿ?”

ಒಂದು ತಿಂಗಳಿನಿಂದ ನಾನು, ಆರ್‌ಎಫ್‌ಒ, ಸ್ವತಃ ರೆಜಿನಾ, ಮೂವರೂ ಒಂದೇ ಲೆಕ್ಕದಲ್ಲಿ ಇದ್ದೆವು: ಹಿಡಿದ ಮೇಲೆ ಆ ಮನೆಗೆ ಹೋಗಲಾಗುವುದಿಲ್ಲ. ರೆಜಿನಾ ಅಂದು ಹೋಗದಿದ್ದದ್ದು ಕಲ್ಲು ಮನಸ್ಸಿನಿಂದ ಅಲ್ಲ, ಯಾವ ಮುಖ ಹೊತ್ತು ಹೋಗಲಿ ಎಂದು. ಈ ಮನೆಯಲ್ಲೋ, ಅವಳು ಎರಡು ಮುಖವನ್ನೂ ಹೊತ್ತು ಬರುತ್ತಾಳೆಂದು ಬಾಗಿಲು ತೆರೆದಿಟ್ಟು ಕಾದಿದ್ದರು. ಶಿಲುಬೆ, ಕುಂಕುಮ, ನಮಾಜು ಒಂದೇ ಅಂಗಳದಲ್ಲಿ ಉಣ್ಣುವ ಓಣಿಗೆ ಗಾರ್ಡೂ ಮಗಳೂ ಒಬ್ಬಳೇ ಆಗುವುದು ವಿಶೇಷವೇ ಆಗಿರಲಿಲ್ಲ.

“ಇದನ್ನ ಆಕಿಗೇ ಹೇಳ್ರಲಾ,” ಎಂದೆ.

“ಹೆಂಗ ಹೇಳ್ಲಿ? ನನಗ ಬೈಯಾಕ ಬರ್ತೈತಿ, ಹೇಳಾಕ ಬರೂದಿಲ್ಲ. ಈಗ ಆಕಿ ಆಫೀಸರ. ಆಫೀಸರಿಗೆ ಬೈದ್ರ ಕೇಸ್ ಆಗ್ತೈತಿ ಅಂತಾರ.”

“ಅವ್ವಾ, ಸರ್ಕಾರಿ ಆಸ್ಪತ್ರೆ ಪರವಾಗಿ ನಾ ಪರ್ಮಿಷನ್ ಕೊಡ್ತೇನಿ. ಬೈರಿ.”

ಆಕೆ ನನ್ನನ್ನು ಅನುಮಾನದಿಂದ ನೋಡಿ, “ಬರದು ಕೊಡ್ತೀರೇನು?” ಅಂದಳು. ಬಾಯಿಮಾತಿನ ಆದೇಶವೇ ಸಾಕೆಂದು ಒಪ್ಪಿಸಿದೆ.

ಮುಂದಿನ ಗುರುವಾರ ರೆಜಿನಾ ಬರುವ ಹೊತ್ತು ಆಕೆಗೆ ಗೊತ್ತಿತ್ತು. ನಾನು ಹೇಳಲಿಲ್ಲ, ಓಣಿಯಲ್ಲಿ ಗೊತ್ತಿರದ ವಿಷಯ ಇರುವುದಿಲ್ಲ. ರೆಜಿನಾ ನನ್ನ ಕೋಣೆಯ ಹೊರಗೆ, ಕ್ಷಯರೋಗದ ಪೋಸ್ಟರ್ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಅತ್ತೆ ಬಂದು ಎದುರು ನಿಂತಳು. ರೆಜಿನಾ ಎದ್ದಳು. ನಾನು ಬಾಗಿಲು ಅರ್ಧ ಮುಚ್ಚಿ, ಪೂರ್ತಿ ಮುಚ್ಚುವುದನ್ನು ಮರೆತೆ.

“ಕುಂದ್ರ ಏ ಪೋರಿ! ಏಳ್ತಾಳಂತ, ನನಗ ಮರ್ಯಾದಿ ಕೊಡಾಕ!”

ಅಲ್ಲಿಂದ ಕನ್ನಡದಲ್ಲಿ ಶುರುವಾದದ್ದು ಮರಾಠಿಗೆ ಹಾಯ್ದು ಕೊಂಕಣಿಯಲ್ಲಿ ಪೂರ್ಣ ಬಲ ಪಡೆಯಿತು. ನನಗೆ ಕೊಂಕಣಿ ಅಷ್ಟಾಗಿ ಬರುವುದಿಲ್ಲ. ಆ ದಿನ ಅದರ ಅಗತ್ಯ ಬೀಳಲಿಲ್ಲ. ಫಾರ್ಮಸಿಯವನು ಔಷಧ ಎಣಿಸುವುದು ಬಿಟ್ಟು ಹೊರಗೆ ಬಂದ. ರೆಜಿನಾ ಮೊದಲು ಅತ್ತಳು. ಆಮೇಲೆ, ನನಗೆ ಬಹಳ ಸಂತೋಷವಾದದ್ದು ಇಲ್ಲಿ, ಅವಳೂ ದನಿ ಎತ್ತಿದಳು, ಅದೂ ಕನ್ನಡದಲ್ಲೇ.

“ನೀ ಹೊರಗ ಬಂದೇನು? ಒಳಗ ಕುಂತಿ! ನಾ ಊಟಾ ಮಾಡದ ಎದ್ದ ಹ್ವಾದ್ನಿ, ನೀ ಒಂದ್ ಮಾತ ‘ಉಣ್ಣು’ ಅಂದೇನು?”

“ಕುರ್ಚಿ ಮ್ಯಾಲೆ ಕುಂತಾಕಿಗೆ ‘ಉಣ್ಣು’ ಅಂತಾರೇನು? ಇಳದು ಬರಬೇಕಿತ್ತು!”

“ಇಳೀ ಅಂತ ನೀ ಅನಬೇಕಿತ್ತು!”

ಸ್ವಲ್ಪ ಹೊತ್ತಿನ ನಂತರ ಸದ್ದು ಅಡಗಿತು. ಇಣುಕಿದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಒತ್ತಿ ಕೂತಿದ್ದರು. ಅತ್ತೆ ತನ್ನ ಸೆರಗಿನಿಂದ ಅವಳ ಮೂಗು ಒರೆಸುತ್ತಿದ್ದಳು, ಆರು ವರ್ಷದ ಹುಡುಗಿಗೆ ಒರೆಸುವಷ್ಟು ಒರಟಾಗಿ. ಆ ದಿನ ನನ್ನ ಹತ್ತಿರ ಅವಳ ಕೌನ್ಸೆಲಿಂಗ್ ನಡೆಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅತ್ತೆ ಕರೆದುಕೊಂಡು ಹೋದಳು.

ವರ್ಷಾಂತ್ಯಕ್ಕೆ ರೆಜಿನಾ ಆರ್‌ಎಫ್‌ಒ ಮುಂದೆ ನಿಂತು, ಇರ್ತೇನಿ ಎಂದಳು. ಅವರು ಧಾರಾಳವಾಗಿ ಮುಂಡಗೋಡದ ಮಾತು ಮತ್ತೆ ಎತ್ತಿದರಂತೆ. “ಬ್ಯಾಡ್ರಿ ಸಾಹೇಬರ. ಕ್ವಾಯರ್ ತಪ್ಪತೈತಿ. ನನ್ನ ಬಿಟ್ರ ಕೆಳಗಿನ ಸ್ವರಕ್ಕ ಮಂದಿ ಇಲ್ಲ,” ಅಂದಳಂತೆ. ಅರಣ್ಯ ಇಲಾಖೆಯ ವರ್ಗಾವಣೆ ಚರ್ಚಿನ ಕೆಳಸ್ವರದ ಕಾರಣಕ್ಕೆ ನಿಂತದ್ದು ಬಹುಶಃ ಅದೇ ಮೊದಲು. ಭಾನುವಾರ ಬೆಳಗಿನ ಪಾಳಿ ಬದಲಾಯಿಸಿಕೊಟ್ಟರು. ಇಲಾಖೆಯ ಕೊಂಕು ಮಾತು ಒಮ್ಮೆಲೇ ನಿಲ್ಲಲಿಲ್ಲ. ‘ನಿಮ್ಮ ಮಂದಿ’ ಎಂದು ಒಬ್ಬ ವಾಚರ್ ಅಂದಾಗ, “ಹೌದು, ನಮ್ಮ ಮಂದಿ. ನೀವೂ ನಮ್ಮ ಮಂದೀನs. ನಡೀರಿ ಬೀಟಿಗೆ,” ಎಂದು ತಾನು ಹೇಳಿದ್ದಾಗಿ ನನಗೆ ವರದಿ ಒಪ್ಪಿಸಿದಳು. ನಿದ್ದೆಯ ಮಾತ್ರೆ ಎಂದೋ ನಿಂತಿತ್ತು.

ಮಾವನ ಕೇಸು ಮರುವರ್ಷ ಕೋರ್ಟಿಗೆ ಬಂತು. ಅವಳು ಇಲಾಖೆಯ ಸಾಕ್ಷಿ. ಆ ದಿನ ನಾನು ಊಟದ ಬಿಡುವಿನಲ್ಲಿ ‘ಫಾಲೋ-ಅಪ್’ ಎಂಬ ಗಂಭೀರ ಹೆಸರಿಟ್ಟು ಕೋರ್ಟಿನ ಹಿಂದಿನ ಬೆಂಚಿನ ಮೇಲೆ ಕೂತೆ. ನಿಜ ಹೇಳಬೇಕೆಂದರೆ ನನ್ನ ಎದೆಯೂ ಡವಡವ ಅನ್ನುತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಅತ್ತೆಯೊಡನೆ ಗಟ್ಟಿಯಾಗಿ ಮಾತಾಡುವುದು ಒಂದು, ಮಾವನ ಎದುರು ಖಾಕಿಯಲ್ಲಿ ಪ್ರಮಾಣ ಮಾಡುವುದು ಇನ್ನೊಂದು.

“ಮರ ಹೊತ್ತು ತರುತ್ತಿದ್ದವರನ್ನು ಹಿಡಿದದ್ದು ಯಾರು?” ಎಂದು ಸರ್ಕಾರಿ ವಕೀಲರು ಕೇಳಿದರು.

“ನಾನs ರೀ.”

“ಅವರು ಇಲ್ಲಿದ್ದಾರೆಯೇ?”

“ಅದಾರ್ರಿ. ಅಲ್ಲಿ ನಿಂತಾರ.”

“ಅವರು ನಿಮಗೆ ಏನಾಗಬೇಕು?”

“ಮಾವ ಆಗಬೇಕ್ರಿ. ನನ್ನ ಬೆಳೆಸಿದ ಮಾವ.”

ನ್ಯಾಯಾಧೀಶರು ತಲೆ ಎತ್ತಿ ಒಮ್ಮೆ ಅವಳನ್ನು, ಒಮ್ಮೆ ಪರಶುರಾಮನನ್ನು ನೋಡಿದರು. ನಿಮಗೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಪರಶುರಾಮ ಕೈ ಮುಗಿದು, “ಆಕಿ ಹೇಳಿದ್ದು ಖರೆ ಐತ್ರಿ. ಆಕಿ ಸುಳ್ಳ ಹೇಳೂದಿಲ್ಲ. ಸಣ್ಣಾಕಿ ಇದ್ದಾಗಿಂದ ಹೇಳಿಲ್ಲ,” ಅಂದ. ತಪ್ಪೊಪ್ಪಿಗೆಯನ್ನು ಅಷ್ಟು ಹೆಮ್ಮೆಯಿಂದ ಹೇಳಿದ ಆರೋಪಿಯನ್ನು ನಾನು ಬೇರೆ ಕಂಡಿಲ್ಲ. ದಂಡ ಕಟ್ಟಿಸಿಕೊಂಡು ಬಿಟ್ಟರು.

ಹೊರಗೆ ಬಂದಾಗ ಇಬ್ಬರೂ ಗೇಟಿನ ಹತ್ತಿರ ನಿಂತಿದ್ದರು. ಅತ್ತೆ ಕಳಿಸಿದ್ದ ಊಟದ ಡಬ್ಬಿ ರೆಜಿನಾಳ ಕೈಯಲ್ಲಿತ್ತು. “ಸಾಕ್ಷಿ ಹೇಳೂದು ಇಷ್ಟೊತ್ತ ಮಾಡಿದಿ, ಹೊಟ್ಟಿ ಹಸದೈತಿ ನನಗ,” ಎಂದು ಮಾವ ಗೊಣಗುತ್ತಿದ್ದ. “ಸುಮ್ನ ನಡೀ ಮಾವ, ಬಸ್ಸಿನ್ಯಾಗ ಉಣ್ಣೂಣು,” ಎಂದು ಖಾಕಿಯವಳು ಅವನ ರಟ್ಟೆ ಹಿಡಿದು ರಸ್ತೆ ದಾಟಿಸಿದಳು.

ಆಮೇಲೆ ನಿವೃತ್ತಿಯವರೆಗೂ ನಾನು ಹೊಸ ರೋಗಿಗಳಿಗೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತಿದ್ದೆ. ಅದು ಯಾವ ಕೈಪಿಡಿಯಲ್ಲೂ ಇಲ್ಲ. ನಿಮ್ಮನ್ನು ಗೌರವಿಸುವವರು ಎಷ್ಟು ಜನ ಎಂದು ಕೇಳುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಉತ್ತರ ಸಿದ್ಧವಿಟ್ಟುಕೊಂಡಿರುತ್ತಾರೆ. ನಿಮ್ಮನ್ನು ಹಕ್ಕಿನಿಂದ ಬೈಯುವವರು ಎಷ್ಟು ಕಡೆ ಇದ್ದಾರೆ ಎಂದು ಕೇಳುತ್ತಿದ್ದೆ. ಮನೆಯಲ್ಲಿ, ಕೆಲಸದಲ್ಲಿ, ಹಾಡುವ ಕಡೆ, ಆಡುವ ಕಡೆ. ಮೂರು ನಾಲ್ಕು ಕಡೆಯ ಹೆಸರು ಹೇಳಿದವರು ಸಾಮಾನ್ಯವಾಗಿ ಬೇಗ ಚೇತರಿಸಿಕೊಂಡರು. ಯಾರೂ ಇಲ್ಲ, ಎಲ್ಲರೂ ನನಗೆ ಬಹಳ ಮರ್ಯಾದೆ ಕೊಡುತ್ತಾರೆ ಎಂದವರನ್ನು ನಾನು ಮುಂದಿನ ವಾರವೇ ತಪ್ಪದೆ ಬರಲು ಹೇಳುತ್ತಿದ್ದೆ.